ಹೊಸಬರಿಗೆ ಮಾರ್ಗದರ್ಶಿ: ಬೇರೆ ದೇಶದ ವಿಶ್ವವಿದ್ಯಾಲಯದಲ್ಲಿ ಓದುವವರಿಗೆ ಅಮೆರಿಕ ಸರ್ಕಾರದ ವಿದ್ಯಾರ್ಥಿ ಸಾಲ

ಅಮೆರಿಕಕ್ಕೆ ಹೊಸದಾಗಿ ಬಂದ ಕನ್ನಡ ಕುಟುಂಬಗಳಲ್ಲಿ ಅನೇಕರು ಇಲ್ಲಿನ ಕಾಲೇಜು ಫೀಸು ನೋಡಿ ಬೆಚ್ಚಿ, ಮಕ್ಕಳನ್ನು ಕೆನಡಾಕ್ಕೋ ಬ್ರಿಟನ್ನಿಗೋ ಕಳುಹಿಸುವ ಯೋಚನೆ ಮಾಡುತ್ತಾರೆ. ಅಂಥ ಓದಿಗೂ ಅಮೆರಿಕದ ಫೆಡರಲ್ ಸರ್ಕಾರದ ಸಾಲ ದೊರೆಯುತ್ತದೆ ಎಂಬುದು ನಮ್ಮಲ್ಲಿ ಬಹಳ ಜನಕ್ಕೆ ತಿಳಿದಿಲ್ಲ. ತಿಳಿದವರೂ ಯಾವುದೋ ಒಂದು ಷರತ್ತಿನಲ್ಲಿ ಎಡವುತ್ತಾರೆ. ವಿದ್ಯಾರ್ಥಿ, ವಿಶ್ವವಿದ್ಯಾಲಯ, ಓದುವ ಕೋರ್ಸು ಈ ಮೂರಕ್ಕೂ ಪ್ರತ್ಯೇಕ ಅರ್ಹತೆ ಇರಬೇಕು, ಒಂದು ತಪ್ಪಿದರೂ ಹಣ ಬರುವುದಿಲ್ಲ. ಆದ್ದರಿಂದ ಪ್ರವೇಶದ ಮುಂಗಡ ಕಟ್ಟುವ ಮೊದಲೇ ಮೂರನ್ನೂ ಖಚಿತಪಡಿಸಿಕೊಳ್ಳಿ.

ಯಾರಿಗೆ ಸಿಗುತ್ತದೆ

ಅಮೆರಿಕದ ಪ್ರಜೆಗಳು, ಗ್ರೀನ್ ಕಾರ್ಡ್ ಹೊಂದಿದವರು ಮತ್ತು ಇನ್ನು ಕೆಲವು ಸೀಮಿತ ವರ್ಗದವರು ಅರ್ಹರು. ಎಚ್‌-4 ಅಥವಾ ಎಫ್‌-1 ವೀಸಾದಲ್ಲಿರುವ ವಿದ್ಯಾರ್ಥಿಗೆ ಈ ಸಾಲವಿಲ್ಲ. ಆದರೆ ಇಲ್ಲಿ ಲೆಕ್ಕಕ್ಕೆ ಬರುವುದು ವಿದ್ಯಾರ್ಥಿಯ ಸ್ಥಾನಮಾನವೇ ಹೊರತು ತಂದೆ-ತಾಯಿಯರದಲ್ಲ. ನಮ್ಮ ಮಗಳು ಈ ದೇಶದಲ್ಲೇ ಹುಟ್ಟಿದವಳು. ಆದರೂ ನಾವಿಬ್ಬರೂ ಎಚ್‌-1ಬಿ ವೀಸಾದಲ್ಲಿದ್ದೇವೆಂಬ ಕಾರಣಕ್ಕೆ, ಯಾರನ್ನೂ ಸರಿಯಾಗಿ ವಿಚಾರಿಸದೆ, ಅವಳ ಮೊದಲ ವರ್ಷದ ಅರ್ಜಿಯನ್ನೇ ಹಾಕಲಿಲ್ಲ. ಆ ವರ್ಷದ ಫೀಸನ್ನು ಊರಿನ ಠೇವಣಿ ಮುರಿದು ಕಟ್ಟಿದೆವು. ನಿಮ್ಮ ಮನೆಯಲ್ಲಿ ಹಾಗಾಗದಿರಲಿ.

ಅರ್ಜಿಯ ಹೆಸರು ಫಾಫ್ಸಾ. ಮುಂದಿನ ಶೈಕ್ಷಣಿಕ ವರ್ಷದ ಅರ್ಜಿ ಸಾಮಾನ್ಯವಾಗಿ ಅಕ್ಟೋಬರ್ 1ರ ಹೊತ್ತಿಗೆ ತೆರೆಯುತ್ತದೆ. ತಂದೆ-ತಾಯಿಯರಿಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದಿದ್ದರೂ ಖಾತೆ ತೆರೆದು ತಮ್ಮ ಭಾಗವನ್ನು ತುಂಬಬಹುದು. ಕೇಳುವುದು ಎರಡು ವರ್ಷ ಹಿಂದಿನ ಆದಾಯವನ್ನು. 2026-27ನೇ ಸಾಲಿನ ಅರ್ಜಿಗೆ 2024ರ ಲೆಕ್ಕ ಬೇಕು. ಆ ವರ್ಷ ನೀವು ಭಾರತದಲ್ಲಿದ್ದರೆ ಅಲ್ಲಿನ ಸಂಬಳವನ್ನು ಅರ್ಜಿ ತುಂಬುವ ದಿನದ ವಿನಿಮಯ ದರದಲ್ಲಿ ಡಾಲರ್‌ಗೆ ಪರಿವರ್ತಿಸಿ ಬರೆಯಬೇಕು. ಇಲ್ಲಿ ದುಡಿದದ್ದಲ್ಲವೆಂದು ಸೊನ್ನೆ ಬರೆಯಬೇಡಿ, ಅದು ಸುಳ್ಳು ಹೇಳಿಕೆಯಾಗುತ್ತದೆ.

ಹೆಸರಿನ ವಿಷಯದಲ್ಲಿ ನಮ್ಮವರು ಪಡುವ ಪಾಡನ್ನು ಪ್ರತಿ ವರ್ಷವೂ ನೋಡುತ್ತಿದ್ದೇವೆ. ಶಾಲೆಯ ದಾಖಲೆಯಲ್ಲಿ ಇನಿಷಿಯಲ್ಲು, ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆದ ತಂದೆಯ ಹೆಸರು, ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಹಿಂದುಮುಂದಾದ ಊರ ಹೆಸರು, ಹೀಗೆ ಒಬ್ಬನೇ ಹುಡುಗ ಮೂರು ಜನರಾಗಿರುತ್ತಾನೆ. ಫಾಫ್ಸಾ ಖಾತೆಯ ಹೆಸರು ಮತ್ತು ಹುಟ್ಟಿದ ದಿನ ಸೋಷಿಯಲ್ ಸೆಕ್ಯುರಿಟಿ ದಾಖಲೆಗೆ ಅಕ್ಷರಶಃ ಹೊಂದಬೇಕು. ಕಾರ್ಡಿನಲ್ಲಿ ತಪ್ಪಿದ್ದರೆ ಅದನ್ನೇ ಮೊದಲು ತಿದ್ದಿಸಿ.

ವಿಶ್ವವಿದ್ಯಾಲಯ ಮತ್ತು ಕೋರ್ಸು

ಅಮೆರಿಕದ ಶಿಕ್ಷಣ ಇಲಾಖೆಯ ಸಾಲ ಯೋಜನೆಯಲ್ಲಿ ಪಾಲ್ಗೊಳ್ಳುವ ವಿದೇಶಿ ವಿಶ್ವವಿದ್ಯಾಲಯಗಳ ಪಟ್ಟಿಯೊಂದಿದೆ. ಟೊರೊಂಟೊ, ಮೆಕ್‌ಗಿಲ್, ಆಕ್ಸ್‌ಫರ್ಡ್, ಎಡಿನ್‌ಬರೋ ಅದರಲ್ಲಿವೆ. ಕೆಲವು ಸಂಸ್ಥೆಗಳಲ್ಲಿ ಓದುವಾಗ ಹಳೆಯ ಸಾಲದ ಮರುಪಾವತಿಯನ್ನು ಮುಂದೂಡಬಹುದೇ ಹೊರತು ಹೊಸ ಸಾಲ ಸಿಗುವುದಿಲ್ಲ. ಆದ್ದರಿಂದ ಹೆಸರು ಕಂಡೊಡನೆ ಹಿಗ್ಗದೆ, ಯಾವ ಉದ್ದೇಶಕ್ಕೆ ಅದಕ್ಕೆ ಮಾನ್ಯತೆ ಇದೆ ಎಂಬುದನ್ನು ಓದಿ. ಜಗತ್ತಿಗೆಲ್ಲ ಗೊತ್ತಿರುವ ವಿಶ್ವವಿದ್ಯಾಲಯವೆಂಬುದು ಇಲ್ಲಿ ಪ್ರಮಾಣವಲ್ಲ.

ಈಗ ಹೇಳುವುದನ್ನು ದಯವಿಟ್ಟು ಎರಡು ಸಲ ಓದಿ. ವಿದೇಶಿ ವಿಶ್ವವಿದ್ಯಾಲಯದ ಕೋರ್ಸಿನ ಒಂದು ಭಾಗವಾದರೂ ಆನ್‌ಲೈನ್ ದೂರಶಿಕ್ಷಣದಲ್ಲಿ ನಡೆದರೆ ಈ ಸಾಲಕ್ಕೆ ಅರ್ಹತೆ ಹೋಗುತ್ತದೆ. ತರಗತಿಯಲ್ಲಿ ನಡೆದ ಪಾಠಕ್ಕೆ ಪೂರಕವಾಗಿ ವಿಡಿಯೊ ನೋಡುವುದಕ್ಕೆ, ಮನೆಗೆಲಸವನ್ನು ಕಂಪ್ಯೂಟರಿನಲ್ಲಿ ಸಲ್ಲಿಸುವುದಕ್ಕೆ ಅಡ್ಡಿಯಿಲ್ಲ. ತರಗತಿಯೇ ಆನ್‌ಲೈನ್ ಆದರೆ ಅಡ್ಡಿ. ನನ್ನ ಮಗ ಸ್ನಾತಕೋತ್ತರ ಓದುವಾಗ ಎರಡನೆಯ ಅವಧಿಯಲ್ಲಿ ವೇಳಾಪಟ್ಟಿಗೆ ಅನುಕೂಲವೆಂದು ಒಂದೇ ಒಂದು ಐಚ್ಛಿಕ ವಿಷಯವನ್ನು ಆನ್‌ಲೈನಿನಲ್ಲಿ ಆರಿಸಿಕೊಂಡ. ಅವನ ವಿಭಾಗದವರು ಒಪ್ಪಿಗೆ ಕೊಟ್ಟರು, ಪ್ರಾಧ್ಯಾಪಕರು ಒಳ್ಳೆಯ ಆಯ್ಕೆಯೆಂದರು. ಅವರಾರಿಗೂ ಅಮೆರಿಕದ ಸಾಲದ ನಿಯಮ ಗೊತ್ತಿರಲಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಕೇಳಬೇಕಾದದ್ದು ಸಾಲದ ಕಚೇರಿಯನ್ನು. ಅವನೂ ಕೇಳಲಿಲ್ಲ, ನಾವೂ ಕೇಳಿಸಲಿಲ್ಲ. ಎರಡನೆಯ ಕಂತು ನಿಂತಿತು. ಆ ಫೀಸು ಹೊಂದಿಸಲು ನಾವು ಓಡಾಡಿದ ಮೂರು ವಾರಗಳನ್ನು ನೆನೆದರೆ ಈಗಲೂ ಹೊಟ್ಟೆ ಹಿಂಡುತ್ತದೆ. ಆದ್ದರಿಂದ ಪ್ರತಿ ಅವಧಿಗೂ ವಿಷಯಗಳನ್ನು ಅಂತಿಮಗೊಳಿಸುವ ಮೊದಲು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಅಮೆರಿಕದ ಸಾಲ ನೋಡಿಕೊಳ್ಳುವ ಸಿಬ್ಬಂದಿಯಿಂದ ಬರಹದಲ್ಲಿ ಉತ್ತರ ಪಡೆಯಿರಿ. ದೊಡ್ಡವರನ್ನು ಪದೇ ಪದೇ ಪ್ರಶ್ನಿಸುವುದು ಉದ್ಧಟತನವೆಂದು ನಾವು ಮಕ್ಕಳಿಗೆ ಕಲಿಸಿದ್ದೇವೆ. ಈ ವಿಷಯದಲ್ಲಿ ಆ ಸಂಕೋಚವನ್ನು ಬಿಡಿಸಿ ಕಳುಹಿಸಿ.

ವಿದ್ಯಾರ್ಥಿ ಕನಿಷ್ಠ ಅರ್ಧಕಾಲಿಕವಾಗಿಯಾದರೂ ನೋಂದಾಯಿಸಿರಬೇಕು. ವೈದ್ಯಕೀಯ ಓದಿನ ನಿಯಮಗಳು ಬೇರೆಯೇ ಇವೆ, ಇನ್ನೂ ಬಿಗಿಯಾಗಿವೆ. ಅಮೆರಿಕದ ಕಾಲೇಜಿನಲ್ಲೇ ಓದುತ್ತ ಒಂದು ಅವಧಿಗೆ ಮಾತ್ರ ಹೊರದೇಶಕ್ಕೆ ಹೋಗುವವರು ತಮ್ಮ ಕಾಲೇಜಿನ ಮೂಲಕವೇ ಸಾಲ ಪಡೆಯುತ್ತಾರೆ. ಈ ಬರಹ ಅವರಿಗಲ್ಲ.

ಎಷ್ಟು ಸಿಗುತ್ತದೆ

- ತಂದೆ-ತಾಯಿಯರ ಆಶ್ರಯದಲ್ಲಿರುವ ಪದವಿ ವಿದ್ಯಾರ್ಥಿಗೆ: ಮೊದಲ ವರ್ಷ 5,500 ಡಾಲರ್, ಎರಡನೆಯ ವರ್ಷ 6,500, ಆನಂತರ ವರ್ಷಕ್ಕೆ 7,500, ಒಟ್ಟು ಮಿತಿ 31,000.
- ಸ್ನಾತಕೋತ್ತರಕ್ಕೆ: ವರ್ಷಕ್ಕೆ 20,500 ಡಾಲರ್.
- ಸ್ನಾತಕೋತ್ತರದವರ ಗ್ರ್ಯಾಡ್ ಪ್ಲಸ್ ಸಾಲ: 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ ಇಲ್ಲ.
- ಪೋಷಕರ ಪೇರೆಂಟ್ ಪ್ಲಸ್ ಸಾಲ: ಅದೇ ದಿನದಿಂದ ಹೊಸದಾಗಿ ಸಾಲ ಪಡೆಯುವವರಿಗೆ ಒಬ್ಬ ವಿದ್ಯಾರ್ಥಿಯ ಲೆಕ್ಕದಲ್ಲಿ ವರ್ಷಕ್ಕೆ 20,000 ಡಾಲರ್, ಒಟ್ಟು 65,000. ಇದಕ್ಕೆ ಪೋಷಕರಿಗೇ ಪೌರತ್ವ ಅಥವಾ ಗ್ರೀನ್ ಕಾರ್ಡಿನಂತಹ ಅರ್ಹತೆ ಬೇಕು.
- ಪೆಲ್ ಗ್ರಾಂಟ್ (ತೀರಿಸಬೇಕಿಲ್ಲದ ಸರ್ಕಾರಿ ನೆರವು): ವಿದೇಶಿ ವಿಶ್ವವಿದ್ಯಾಲಯಕ್ಕೆ ಇಲ್ಲ.

ಹಣ ಬರುವ ಮೊದಲು

ಫಾಫ್ಸಾ ಸಲ್ಲಿಸಿದರೆ ಕೆಲಸ ಮುಗಿಯಿತೆಂದು ಸುಮ್ಮನಾಗಬೇಡಿ. ಮೊದಲ ಬಾರಿ ಸಾಲ ಪಡೆಯುವ ವಿದ್ಯಾರ್ಥಿ ಸಾಲದ ಜವಾಬ್ದಾರಿಯ ಕುರಿತ ಆನ್‌ಲೈನ್ ತಿಳಿವಳಿಕೆಯನ್ನು ಮುಗಿಸಿ, ಮಾಸ್ಟರ್ ಪ್ರಾಮಿಸರಿ ನೋಟ್ ಎಂಬ ಕರಾರಿಗೆ ಸಹಿ ಹಾಕಬೇಕು. ಇದನ್ನು ತಂದೆ ಕುಳಿತು ಒತ್ತಿಕೊಟ್ಟರೆ ಸಲ್ಲದು. ಸಾಲ ಮಗುವಿನ ಹೆಸರಿನಲ್ಲಿದೆ, ಓದು ಮುಗಿದ ಆರು ತಿಂಗಳ ನಂತರ ತೀರಿಸಲು ಆರಂಭಿಸಬೇಕಾದವರು ಅವರೇ. ಕೊಟ್ಟ ಮಾತಿಗೆ ತಪ್ಪದವರೆಂಬ ಹೆಸರನ್ನು ನಮ್ಮ ಹಿರಿಯರು ಗಳಿಸಿಟ್ಟಿದ್ದಾರೆ. ಆ ಕರಾರಿನ ಪ್ರತಿ ಸಾಲನ್ನೂ ಮಕ್ಕಳಿಂದ ಓದಿಸಿ.

ವೀಸಾ ಅರ್ಜಿಗೆ ಸಾಲದ ಪತ್ರವನ್ನು ಹಣದ ಪುರಾವೆಯಾಗಿ ತೋರಿಸುವವರು, ಆ ಪತ್ರ ಸಿದ್ಧವಾಗಲು ವಾರಗಳು ಹಿಡಿಯಬಹುದೆಂದು ಲೆಕ್ಕ ಹಾಕಿ ಬೇಸಿಗೆಯ ಆರಂಭದಲ್ಲೇ ಕೇಳಿ. ಹಣ ಒಮ್ಮೆಲೇ ಬರದೆ ಕಂತುಗಳಲ್ಲಿ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ, ಫೀಸು ಕಳೆದು ಉಳಿದದ್ದು ಮಾತ್ರ ವಿದ್ಯಾರ್ಥಿಯ ಕೈಗೆ ಬರುತ್ತದೆ. ವಿಮಾನದ ಟಿಕೆಟ್ಟು, ಕೋಣೆಯ ಮುಂಗಡ ಮತ್ತು ಮೊದಲ ಎರಡು ತಿಂಗಳ ಖರ್ಚನ್ನು ಸಾಲದ ಭರವಸೆಯಲ್ಲಿ ಬಿಡದೆ ಬೇರೆಯಾಗಿ ತೆಗೆದಿಡಿ.