ಡುಲೂತ್‌ಗೆ ಹೊರಟಿದ್ದೀರಾ? ಮೊದಲು ಗಾಳಿ ಯಾವ ಕಡೆಯಿಂದ ಅಂತ ನೋಡಿ

ಅಮೆರಿಕದ ಮಿನಿಯಾಪೊಲಿಸ್ ಸುತ್ತಮುತ್ತ ಇರುವ ಕನ್ನಡದವರ ಮನೆಗೆ ಬೇಸಿಗೆಯಲ್ಲಿ ಊರಿಂದ ಅಪ್ಪ ಅಮ್ಮ ಬಂದರೆ, ಒಂದಲ್ಲ ಒಂದು ಶನಿವಾರ ಡುಲೂತ್‌ಗೆ ಹೋಗೋಣ ಅನ್ನುವ ಮಾತು ಬಂದೇ ಬರುತ್ತದೆ. 35ನೇ ನಂಬರಿನ ಹೆದ್ದಾರಿ ಹಿಡಿದು ಉತ್ತರಕ್ಕೆ ಎರಡೂವರೆ ಗಂಟೆ. ಆ ಹೆದ್ದಾರಿ ಮುಗಿಯುವುದೇ ಅಲ್ಲಿ. ಕೊನೆಗೆ ಥಾಂಪ್ಸನ್ ಹಿಲ್ ದಾಟುತ್ತಿದ್ದಂತೆ ರಸ್ತೆ ಇಳಿಜಾರಾಗುತ್ತದೆ, ಕೆಳಗೆ ಊರು, ಬಂದರು, ಅದರಾಚೆ ಕಣ್ಣು ಹಾಯುವಷ್ಟೂ ಸುಪೀರಿಯರ್ ಸರೋವರದ ನೀರು. ಕಾರಿನಲ್ಲಿ ಇದ್ದವರೆಲ್ಲ ಒಂದು ಕ್ಷಣ ಮಾತು ನಿಲ್ಲಿಸುತ್ತಾರೆ.

ನಾವು ಮೊದಲ ಸಲ ಹೋಗಿದ್ದು ಜೂನ್‌ನಲ್ಲಿ. ಫೋನಿನಲ್ಲಿ 24 ಡಿಗ್ರಿ ಅಂತ ಇತ್ತು. ಸ್ವೆಟರ್ ಯಾಕೆ ಅಂತ ಮನೆಯಲ್ಲೇ ಬಿಟ್ಟು ಬಂದಿದ್ದೆವು. ದಡಕ್ಕೆ ಇಳಿದು ಕಾರಿನ ಬಾಗಿಲು ತೆಗೆದರೆ ಫ್ರಿಜ್ ಬಾಗಿಲು ತೆಗೆದ ಹಾಗೆ ಗಾಳಿ. ಅಮ್ಮ ಸೆರಗನ್ನು ತಲೆ ಮೇಲೆ ಹೊದ್ದು, ಎರಡೂ ಕೈ ಕಂಕುಳಲ್ಲಿ ಇಟ್ಟುಕೊಂಡು, "ಸಾಕು ಕಣೋ, ನೋಡಿದ್ದಾಯ್ತು, ನಡಿ" ಅಂದರು. ಇಪ್ಪತ್ತು ನಿಮಿಷಕ್ಕೆ ವಾಪಸ್ ಹೊರಟೆವು. ಗುಡ್ಡ ಹತ್ತುತ್ತಿದ್ದ ಹಾಗೆ ಮತ್ತೆ ಬಿಸಿಲು, ಸೆಕೆ, ಕಾರಿನಲ್ಲಿ ಎಸಿ ಹಾಕಿಕೊಂಡೆವು. ಆ ದಿನದ ಹವೆ ಚೆನ್ನಾಗೇ ಇತ್ತು. ನಾವು ಜಾಗ ತಪ್ಪು ಆರಿಸಿದ್ದೆವು. ಆಮೇಲೆ ಎಷ್ಟೋ ಸಲ ಹೋಗಿದ್ದೇವೆ, ಹಿಮ ಬಿದ್ದಾಗಲೂ ಹೋಗಿದ್ದೇವೆ. ಇನ್ನೊಬ್ಬರ ಅಮ್ಮ ಹಾಗೆ ನಡುಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲ ಕೆಲಸ: ಗಾಳಿ ನೋಡುವುದು

ಸುಪೀರಿಯರ್ ಸರೋವರ ಅಂದರೆ ನಮ್ಮ ಕೆರೆಯ ಲೆಕ್ಕ ಅಲ್ಲ. ಸುಮಾರು 82,000 ಚದರ ಕಿಲೋಮೀಟರ್, ಕರ್ನಾಟಕವನ್ನು ಐದು ಪಾಲು ಮಾಡಿದರೆ ಎರಡು ಪಾಲಿಗಿಂತ ಜಾಸ್ತಿ. ಆಳವಾದ ಕಡೆ 406 ಮೀಟರ್ ಇದೆ. ಈ ನೆಲದ ಮೂಲ ಜನ ಒಜಿಬ್ವೆಯವರು ಇದನ್ನು ಗಿಚಿಗಮಿ ಅನ್ನುತ್ತಾರೆ, ದೊಡ್ಡ ನೀರು ಅಂತ. ಇಷ್ಟು ನೀರು ಬಿಸಿಯಾಗಲು ತಿಂಗಳುಗಟ್ಟಲೆ ಬೇಕು. ಜೂನ್‌ನಲ್ಲಿ ನೆಲ ಕಾದಿರುತ್ತದೆ, ನೀರು ಮಾತ್ರ ಇನ್ನೂ ಚಳಿಗಾಲದಲ್ಲೇ ಇರುತ್ತದೆ. ಗಾಳಿ ಆ ನೀರಿನ ಮೇಲಿಂದ ಬಂದರೆ ದಡದಲ್ಲಿ ಚಳಿ, ನೆಲದ ಕಡೆಯಿಂದ ಬಂದರೆ ಬೆಚ್ಚಗೆ. ಅಷ್ಟೇ ಗುಟ್ಟು.

ಊರು ಇರುವುದು ಸರೋವರದ ಪಶ್ಚಿಮದ ತುದಿಯಲ್ಲಿ. ಹಾಗಾಗಿ ಪೂರ್ವ ಅಥವಾ ಈಶಾನ್ಯದ ಗಾಳಿ ಅಂದರೆ ನೀರಿನ ಮೇಲಿನ ಗಾಳಿ. ಪಶ್ಚಿಮ, ವಾಯವ್ಯದ್ದಾದರೆ ನೆಲದ ಗಾಳಿ. ಹೊರಡುವ ದಿನ ಬೆಳಿಗ್ಗೆ ಅಮೆರಿಕದ ನ್ಯಾಷನಲ್ ವೆದರ್ ಸರ್ವಿಸ್ ಪುಟದಲ್ಲಿ ಡುಲೂತ್ ಹಾಕಿ, ಗಾಳಿಯ ದಿಕ್ಕು ಮತ್ತು ಅಲೆಯ ಎತ್ತರ ಎರಡನ್ನೂ ನೋಡಿ. ಫೋನಿನಲ್ಲಿ ಸಾಮಾನ್ಯವಾಗಿ ಕಾಣುವ ಡಿಗ್ರಿಯನ್ನು ದಡಕ್ಕೆ ನಂಬಬೇಡಿ, ಅದು ಹೆಚ್ಚಾಗಿ ವಿಮಾನ ನಿಲ್ದಾಣದ್ದು, ನಿಲ್ದಾಣ ಇರುವುದು ಗುಡ್ಡದ ಮೇಲೆ, ದಡಕ್ಕಿಂತ 800 ಅಡಿ ಎತ್ತರದಲ್ಲಿ. ಎರಡರ ನಡುವೆ 10 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇರುವ ದಿನಗಳೂ ಉಂಟು. "ಸರೋವರದ ಹತ್ತಿರ ತಂಪು" ಅನ್ನುವುದು ಇಲ್ಲಿನ ಹವಾಮಾನ ವರದಿಯಲ್ಲಿ ಮಾಮೂಲಿ ಮಾತು.

ಬೇಸಿಗೆಯಾದರೂ ಒಬ್ಬೊಬ್ಬರಿಗೂ ಒಂದು ಗಾಳಿ ತಡೆಯುವ ಜಾಕೆಟ್, ಅದರೊಳಗೆ ಹಾಕಲು ಒಂದು ಬೆಚ್ಚನೆಯದು, ಕಿವಿ ಮುಚ್ಚುವ ಟೋಪಿ ಇಟ್ಟುಕೊಳ್ಳಿ. ಸೀರೆ ಉಡುವವರಿಗೆ ಒಳಗೊಂದು ಥರ್ಮಲ್ ಪ್ಯಾಂಟ್ ಕೊಡಿಸಿ. ನಮ್ಮಮ್ಮ ಮೊದಲು ಬೇಡ ಅಂದವರು ಈಗ ಅದಿಲ್ಲದೆ ಹೊರಡುವುದಿಲ್ಲ.

ಎರಡನೆಯದು: ಗಾಳಿಗೆ ತಕ್ಕ ಜಾಗ

ನೀರಿನ ಗಾಳಿ ಇದ್ದರೆ ಮೇಲೆ ಹೋಗಿ. ಎಂಗರ್ ಟವರ್ ಹತ್ತಿರ ಕಾರು ನಿಲ್ಲಿಸಿ ಮೆಟ್ಟಿಲು ಹತ್ತಿದರೆ ಇಡೀ ಬಂದರು ಕಾಣುತ್ತದೆ. 80 ಅಡಿ ಎತ್ತರದ ಕಲ್ಲಿನ ಗೋಪುರ, 1939ರಲ್ಲಿ ನಾರ್ವೆಯ ಯುವರಾಜ ಬಂದು ಉದ್ಘಾಟಿಸಿದ್ದು. ಗುಡ್ಡದ ನೆತ್ತಿ ಹಿಡಿದು ಹೋಗುವ ಸ್ಕೈಲೈನ್ ಪಾರ್ಕ್‌ವೇಯಲ್ಲಿ ನಿಧಾನಕ್ಕೆ ಕಾರು ಓಡಿಸಿದರೂ ಸಾಕು, ಮಂಡಿ ನೋವಿನ ಹಿರಿಯರಿಗೆ ಇದೇ ಒಳ್ಳೆಯದು. ನಡೆಯುವವರಿಗೆ ಚೆಸ್ಟರ್ ಪಾರ್ಕ್ ಇದೆ. ಊರಿನ ಮಧ್ಯದಲ್ಲೇ ಕಲ್ಲಿನ ಕಂದಕ, ಅದರಲ್ಲಿ ಹಳ್ಳ ಹಾರುತ್ತಾ ಇಳಿಯುತ್ತದೆ, ಎರಡೂ ಕಡೆ ದಟ್ಟ ಮರ. ಮೇಲೆ ಎಷ್ಟೇ ಗಾಳಿ ಬೀಸಲಿ ಕೆಳಗೆ ಎಲೆ ಅಲ್ಲಾಡುವುದಿಲ್ಲ. ಇನ್ನೂ ದೂರ ಹೋಗಲು ಮನಸ್ಸಿದ್ದರೆ ಜೇ ಕುಕ್ ಸ್ಟೇಟ್ ಪಾರ್ಕ್, ಸೇಂಟ್ ಲೂಯಿಸ್ ನದಿಯ ಮೇಲಿನ ತೂಗುಸೇತುವೆ ಮಕ್ಕಳಿಗೆ ತುಂಬಾ ಇಷ್ಟ. 2012ರ ನೆರೆಯಲ್ಲಿ ಹಾಳಾಗಿತ್ತು, ಮತ್ತೆ ಸರಿ ಮಾಡಿದ್ದಾರೆ. ಸ್ಟೇಟ್ ಪಾರ್ಕ್ ಒಳಗೆ ಕಾರಿಗೆ ಪರ್ಮಿಟ್ ಬೇಕು, ಬಾಗಿಲಲ್ಲೇ ಸಿಗುತ್ತದೆ.

ಕಾಡಿನಲ್ಲಿ ನಡೆದರೆ ಉಣ್ಣಿ ನೋಡಿಕೊಳ್ಳಬೇಕು. ಮಂಗನ ಕಾಯಿಲೆ ಕಂಡ ಮಲೆನಾಡಿನವರಿಗೆ ಇದನ್ನು ಹೇಳಬೇಕಾಗಿಲ್ಲ. ಇಲ್ಲಿನ ಜಿಂಕೆ ಉಣ್ಣಿಯಿಂದ ಲೈಮ್ ಅನ್ನುವ ಬೇರೆ ಕಾಯಿಲೆ ಬರುತ್ತದೆ. ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ, ಮನೆಗೆ ಬಂದ ಮೇಲೆ ಮಕ್ಕಳ ಮಂಡಿ ಹಿಂದೆ, ಕಂಕುಳು, ಕೂದಲ ಬುಡ ಎಲ್ಲ ಬೆರಳಾಡಿಸಿ ನೋಡಿ.

ನೆಲದ ಗಾಳಿ ಇದ್ದರೆ ದಡ ನಿಮ್ಮದು. ಕೆನಾಲ್ ಪಾರ್ಕ್‌ನಲ್ಲಿ ದುಡ್ಡು ಕೊಟ್ಟು ಕಾರು ನಿಲ್ಲಿಸಿ, ಲೇಕ್‌ವಾಕ್ ಅನ್ನುವ ಕಾಲುದಾರಿ ಹಿಡಿಯಿರಿ. ಸಮತಟ್ಟು ದಾರಿ, ಗಾಲಿ ಕುರ್ಚಿಯೂ ಹೋಗುತ್ತದೆ, ನಡೆದಷ್ಟು ದೂರ ನೀರು ಜೊತೆಗೇ ಬರುತ್ತದೆ.

ಹಡಗು ಬರುವ ಹೊತ್ತು ಮಾತ್ರ ತಪ್ಪಿಸಬೇಡಿ. ಯಾವ ಹಡಗು ಎಷ್ಟು ಗಂಟೆಗೆ ಅಂತ ಇಂಟರ್‌ನೆಟ್‌ನಲ್ಲಿ ಸಿಗುತ್ತದೆ, ಸರೋವರದಿಂದ ಬಂದರಿಗೆ ಹಡಗು ಬರುವ ಕಾಲುವೆಯ ಪಕ್ಕದ ಮ್ಯಾರಿಟೈಮ್ ವಿಸಿಟರ್ ಸೆಂಟರ್‌ನಲ್ಲಿ ಕೇಳಿದರೂ ಹೇಳುತ್ತಾರೆ, ಒಳಗೆ ಹೋಗಲು ಟಿಕೆಟ್ ಇಲ್ಲ. ಕಾಲುವೆಯ ಅಗಲ 300 ಅಡಿ. ಬರುವ ಹಡಗುಗಳಲ್ಲಿ ದೊಡ್ಡವು 1,000 ಅಡಿ ಉದ್ದ, 105 ಅಡಿ ಅಗಲ. ಮೊದಲು ಗಂಟೆ ಬಾರಿಸುತ್ತದೆ, ರಸ್ತೆಗೆ ಗೇಟು ಬೀಳುತ್ತದೆ, ಕಾಲುವೆಯ ಮೇಲಿನ ಸೇತುವೆ ಪೂರ್ತಿ ಹಾಗೇ ಮೇಲಕ್ಕೆ ಏಳುತ್ತದೆ. ಈ ಏರಿಯಲ್ ಲಿಫ್ಟ್ ಬ್ರಿಡ್ಜ್ 1905ರದ್ದು. ಆಗ ಅದು ಮೇಲೇಳುತ್ತಿರಲಿಲ್ಲ, ಕೆಳಗೆ ತೂಗುಬಿಟ್ಟ ಗಾಡಿಯಲ್ಲಿ ಜನರನ್ನು, ಬಂಡಿಗಳನ್ನು ಆಚೆ ದಡಕ್ಕೆ ದಾಟಿಸುತ್ತಿತ್ತು. 1930ರ ಹೊತ್ತಿಗೆ ಈಗಿನ ರೂಪ ಬಂತು. ಹಡಗು ಹಾರ್ನ್ ಮಾಡುತ್ತದೆ, ಸೇತುವೆ ಅದೇ ರಾಗದಲ್ಲಿ ಉತ್ತರ ಕೊಡುತ್ತದೆ. ಆ ಸದ್ದು ಎದೆಯೊಳಗೆ ಗುಂಯ್ ಅನ್ನುತ್ತದೆ, ಚಿಕ್ಕ ಮಕ್ಕಳಿದ್ದರೆ ಕಿವಿ ಮುಚ್ಚಿ. ಆಮೇಲೆ ಒಂದು ತುಕ್ಕು ಬಣ್ಣದ ಗೋಡೆ ನಿಮ್ಮ ಮುಂದೆಯೇ ಜಾರಿಕೊಂಡು ಹೋಗುತ್ತದೆ, ಮುಗಿಯುವುದೇ ಇಲ್ಲ ಅನ್ನಿಸುತ್ತದೆ. ಮೇಲೆ ನಿಂತ ನಾವಿಕ ಕೈ ಬೀಸಿದರೆ ಮುಖದ ನಗು ಕೂಡ ಕಾಣುತ್ತದೆ, ಅಷ್ಟು ಹತ್ತಿರ. ಈ ಹಡಗುಗಳು ಜಾಸ್ತಿ ಹೊರುವುದು ಕಬ್ಬಿಣದ ಅದಿರು, ಗೋಲಿಯ ಹಾಗೆ ಉಂಡೆ ಕಟ್ಟಿದ್ದು. ಅಪ್ಪನಿಗೆ ಅದನ್ನು ಹೇಳಿದ್ದೇ ತಡ, ಸಂಡೂರಿನ ಅದಿರಿನ ಲಾರಿಗಳ ಕಥೆ ಶುರುವಾಯಿತು, ಆ ದಿನ ನಮ್ಮ ಊಟ ಮೂರು ಗಂಟೆಗೆ.

ಅಲ್ಲಿಂದ ಊರಿನ ಪೂರ್ವದ ತುದಿಗೆ ಬ್ರೈಟನ್ ಬೀಚ್. ಮರಳಿಲ್ಲ, ಬರೀ ಕಲ್ಲು. ಇಲ್ಲಿ ಎಲ್ಲರೂ ತಲೆ ತಗ್ಗಿಸಿ ಅಗೇಟ್ ಹುಡುಕುತ್ತಿರುತ್ತಾರೆ. ನೂರು ಕೋಟಿ ವರ್ಷಕ್ಕೂ ಹಿಂದೆ ಲಾವಾ ಆರುವಾಗ ಉಳಿದ ಗುಳ್ಳೆಗಳಲ್ಲಿ ಪದರ ಪದರವಾಗಿ ಕಟ್ಟಿದ ಕಲ್ಲು ಅದು, ಕಬ್ಬಿಣದಿಂದ ಕೆಂಪು ಬಣ್ಣ. ಹುಡುಕುವ ಕ್ರಮ ಹೀಗೆ: ಸೂರ್ಯ ಕೆಳಗಿರುವಾಗ ಹೋಗಿ, ಸೂರ್ಯನ ಕಡೆ ಮುಖ ಮಾಡಿ, ಅಲೆ ಆಗಷ್ಟೇ ಒದ್ದೆ ಮಾಡಿ ಬಿಟ್ಟ ಕಲ್ಲುಗಳ ಮೇಲೆ ಕಣ್ಣಿಡಿ. ಉಳಿದ ಕಲ್ಲು ಬೆಳಕನ್ನು ತಡೆಯುತ್ತವೆ, ಅಗೇಟ್ ಒಳಗೆ ಬಿಟ್ಟುಕೊಳ್ಳುತ್ತದೆ. ಎತ್ತಿ ಬೆಳಕಿಗೆ ಹಿಡಿದರೆ ಜೋನಿ ಬೆಲ್ಲದ ಹನಿ ಹಿಡಿದ ಹಾಗೆ ಹೊಳೆಯುತ್ತದೆ, ಅದರಲ್ಲಿ ಕೂದಲೆಳೆಯಂಥ ಗೆರೆಗಳು. ನಮ್ಮ ಮಗಳಿಗೆ ಸಿಕ್ಕಿದ್ದು ತೊಗರಿಬೇಳೆಯಷ್ಟು. ಸ್ಟೇಟ್ ಪಾರ್ಕ್‌ಗಳಲ್ಲಿ ಮಾತ್ರ ಕಲ್ಲು ತೆಗೆದುಕೊಂಡು ಬರುವ ಹಾಗಿಲ್ಲ, ನೋಡಿ ಅಲ್ಲೇ ಬಿಡಬೇಕು.

ಪೂರ್ತಿ ದಿನ ಕೈಯಲ್ಲಿದ್ದರೆ 61ನೇ ಹೆದ್ದಾರಿಯಲ್ಲಿ ಮುಂದೆ ಹೋಗಿ. ಒಂದು ಗಂಟೆಯೊಳಗೆ ಗೂಸ್‌ಬೆರಿ ಫಾಲ್ಸ್, ಅದೂ ಸ್ಟೇಟ್ ಪಾರ್ಕೇ, ಆದರೆ ವಿಸಿಟರ್ ಸೆಂಟರ್ ಹತ್ತಿರ ಕಾರು ನಿಲ್ಲಿಸಿದರೆ ಪರ್ಮಿಟ್ ಬೇಡ. ಮುಂದೆ ಸ್ಪ್ಲಿಟ್ ರಾಕ್ ದೀಪಸ್ತಂಭ. 1905ರ ನವೆಂಬರ್ ಬಿರುಗಾಳಿಯಲ್ಲಿ ಹಡಗುಗಳು ಒಡೆದ ಮೇಲೆ ಕಟ್ಟಿ, 1910ರಲ್ಲಿ ದೀಪ ಹಚ್ಚಿದ್ದು.

ನೀರಿಗೆ ಇಳಿಯುವ ಮುಂಚೆ

ಈ ಭಾಗವನ್ನು ದಯವಿಟ್ಟು ಮನೆಯವರಿಗೆಲ್ಲ ಓದಿ ಹೇಳಿ.

ಸೇತುವೆ ದಾಟಿದರೆ ಪಾರ್ಕ್ ಪಾಯಿಂಟ್, ಮೈಲುಗಟ್ಟಲೆ ಉದ್ದದ ಮರಳಿನ ಪಟ್ಟಿ. ಜುಲೈ ಕೊನೆ, ಆಗಸ್ಟ್‌ನಲ್ಲಿ ಈಜುವಷ್ಟು ಬೆಚ್ಚಗಿರುವ ದಿನಗಳು ಇರುತ್ತವೆ. ಉಪ್ಪಿಲ್ಲ, ಉಬ್ಬರವಿಳಿತ ಕಾಣುವುದಿಲ್ಲ, ನೋಡಲು ಸಾಧು. ಆದರೆ ಸರೋವರ 560 ಕಿಲೋಮೀಟರ್ ಉದ್ದ, ಬೆಂಗಳೂರಿಂದ ಬೆಳಗಾವಿಯ ರಸ್ತೆಗಿಂತ ಜಾಸ್ತಿ. ಈಶಾನ್ಯದ ಗಾಳಿ ಅಷ್ಟೂ ದೂರ ಅಲೆಗಳನ್ನು ತಳ್ಳಿಕೊಂಡು ಬಂದು ಇದೇ ಮೂಲೆಗೆ ಸುರಿಯುತ್ತದೆ. ಬಂದ ನೀರು ವಾಪಸ್ ಹೋಗುವಾಗ ಸೆಳವು ಹುಟ್ಟುತ್ತದೆ, ಎಂಥ ಈಜುಗಾರನನ್ನೂ ಒಳಗೆ ಎಳೆಯುತ್ತದೆ. ದಡದಲ್ಲಿ ಬಾವುಟ ನೋಡಿ: ಹಸಿರಾದರೆ ಸರಿ, ಹಳದಿಯಾದರೆ ಹುಷಾರು, ಕೆಂಪಾದರೆ ಇಳಿಯಲೇಬೇಡಿ. ಸೆಳವಿಗೆ ಸಿಕ್ಕರೆ ದಡದ ಕಡೆ ಹೋರಾಡಬೇಡಿ. ಅಂಗಾತ ತೇಲಿ, ಉಸಿರು ಹಿಡಿತಕ್ಕೆ ತಂದುಕೊಳ್ಳಿ, ದಡದ ಉದ್ದಕ್ಕೆ ಪಕ್ಕಕ್ಕೆ ಈಜಿ, ಎಳೆತ ಸಡಿಲವಾದ ಮೇಲೆ ದಡಕ್ಕೆ ತಿರುಗಿ. ಸಿಹಿನೀರು ಸಮುದ್ರದಷ್ಟು ಎತ್ತಿ ಹಿಡಿಯುವುದಿಲ್ಲ, ಮಲ್ಪೆಯಲ್ಲಿ ತೇಲಿದ ಅಳತೆಯನ್ನು ಇಲ್ಲಿಗೆ ತರಬೇಡಿ.

ನೆಲದ ಗಾಳಿಗೆ ಬೇರೆ ಅಪಾಯ. ನೀರು ತಟ್ಟೆಯ ಹಾಗೆ ಶಾಂತವಾಗಿ ಕಾಣುತ್ತದೆ, ಆದರೆ ಗಾಳಿ ತುಂಬಿದ ಟ್ಯೂಬ್ ಮೇಲೆ ಕೂತ ಮಗುವನ್ನು ಸದ್ದಿಲ್ಲದೆ ಒಳಕ್ಕೆ ಒಯ್ಯುತ್ತದೆ. ಟ್ಯೂಬ್ ಬೇಡವೇ ಬೇಡ. ಅದೇ ಗಾಳಿ ಮೇಲಿನ ಬೆಚ್ಚನೆ ನೀರನ್ನು ದೂರ ತಳ್ಳಿ ಕೆಳಗಿನ ತಣ್ಣನೆ ನೀರನ್ನು ಮೇಲೆ ತರುತ್ತದೆ, ಹಾಗಾಗಿ ನಿನ್ನೆ ಚೆನ್ನಾಗಿತ್ತು ಅಂತ ಇವತ್ತು ಧುಮುಕಬೇಡಿ. ಕಯಾಕ್ ಮಾಡುವ ಆಸೆ ಇದ್ದರೆ ಗೈಡ್ ಜೊತೆ, ಲೈಫ್ ಜಾಕೆಟ್ ಹಾಕಿಕೊಂಡೇ ಹೋಗಿ.

ಅಲೆ ದೊಡ್ಡದಿರುವ ದಿನ ಕಾಲುವೆಯ ಕಾಂಕ್ರೀಟ್ ಕಟ್ಟೆಯ ಮೇಲೂ ನಡೆಯಬೇಡಿ. 1967ರಲ್ಲಿ ಮೂವರು ಹುಡುಗರು, ಒಂದೇ ಮನೆಯ ಅಣ್ಣತಮ್ಮಂದಿರು, ಅಲ್ಲಿಂದ ಕೊಚ್ಚಿಹೋದರು. ಅವರನ್ನು ಹುಡುಕಲು ಹೋದ ಕೋಸ್ಟ್ ಗಾರ್ಡ್‌ನವರಲ್ಲೂ ಒಬ್ಬರು ತೀರಿಕೊಂಡರು.

ಸೆಪ್ಟೆಂಬರ್‌ನಲ್ಲಿ ತಲೆ ಎತ್ತಿ

ನನ್ನನ್ನು ಕೇಳಿದರೆ ಡುಲೂತ್‌ಗೆ ಹೋಗಬೇಕಾದ್ದು ಸೆಪ್ಟೆಂಬರ್ ನಡುವಿನ ಎರಡು ವಾರಗಳಲ್ಲಿ. ಕೆನಡಾ ಕಡೆಯಿಂದ ದಕ್ಷಿಣಕ್ಕೆ ಹೊರಟ ಗಿಡುಗಗಳಿಗೆ ದೊಡ್ಡ ನೀರು ದಾಟಲು ಇಷ್ಟವಿಲ್ಲ, ನೀರಿನ ಮೇಲೆ ಅವುಗಳನ್ನು ಎತ್ತುವ ಬಿಸಿಗಾಳಿ ಏಳುವುದಿಲ್ಲ. ಹಾಗಾಗಿ ದಡ ಹಿಡಿದೇ ಬರುತ್ತವೆ, ಎಲ್ಲವೂ ಈ ಮೂಲೆಯಲ್ಲಿ ಸೇರುತ್ತವೆ. ನೋಡುವ ಜಾಗ ಹಾಕ್ ರಿಡ್ಜ್. 2003ರ ಸೆಪ್ಟೆಂಬರ್‌ನಲ್ಲಿ ಒಂದೇ ದಿನ ಒಂದು ಲಕ್ಷಕ್ಕಿಂತ ಜಾಸ್ತಿ ಗಿಡುಗಗಳನ್ನು ಎಣಿಸಿದ್ದಾರೆ.

ಇದಕ್ಕೂ ಗಾಳಿಯೇ ಮುಖ್ಯ. ತಣ್ಣನೆ ಹವೆ ಬಂದು, ವಾಯವ್ಯದ ಗಾಳಿ ಬೀಸುವ ಬಿಸಿಲಿನ ದಿನ ಆರಿಸಿಕೊಳ್ಳಿ. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಮಡಚುವ ಕುರ್ಚಿ, ಬೈನಾಕ್ಯುಲರ್, ಚಪಾತಿ ಪಲ್ಯ, ಫ್ಲಾಸ್ಕ್‌ನಲ್ಲಿ ಕಾಫಿ ತೆಗೆದುಕೊಂಡು ಹೋಗಿ ಕೂತುಬಿಡಿ. ಬರಿಗಣ್ಣಿಗೆ ಏನೂ ಕಾಣದ ಆಕಾಶಕ್ಕೆ ಬೈನಾಕ್ಯುಲರ್ ಹಿಡಿದರೆ, ಕುದಿಯುವ ಎಸರಿನಲ್ಲಿ ಸಾಸಿವೆ ಸುತ್ತುವ ಹಾಗೆ ನೂರಾರು ಹಕ್ಕಿಗಳು ಸುತ್ತುತ್ತಾ ಮೇಲೇರುತ್ತಿರುತ್ತವೆ. ಅಲ್ಲಿರುವ ಎಣಿಕೆದಾರರು ಯಾವ ಹಕ್ಕಿ ಅಂತ ಕೇಳಿದರೆ ಬೇಸರವಿಲ್ಲದೆ ಹೇಳಿಕೊಡುತ್ತಾರೆ.

ಚಳಿಗಾಲದಲ್ಲೂ ಹೋಗಬಹುದಾ?

ಹೋಗಬಹುದು, ಹೋಗಲೇಬೇಕು. ಹತ್ತಿ ಬಟ್ಟೆಯನ್ನು ಮೈಗೆ ತಾಗುವ ಹಾಗೆ ಹಾಕಬೇಡಿ, ಬೆವರಿದರೆ ಒಣಗುವುದಿಲ್ಲ, ಆಮೇಲೆ ಅದೇ ಚಳಿ ಹಿಡಿಸುತ್ತದೆ. ಉಣ್ಣೆಯದು ಅಥವಾ ಸಿಂಥೆಟಿಕ್ ಇರಲಿ. ಬೂಟಿನ ಅಡಿಗೆ ಹಾಕುವ ಮುಳ್ಳಿನ ಪಟ್ಟಿ ಕೊಂಡುಕೊಳ್ಳಿ. ಊರು ಪೂರ್ತಿ ಇಳಿಜಾರು, ಜಾರಿದರೆ ಸೊಂಟ ಮುರಿಯುತ್ತದೆ. ಲೆಸ್ಟರ್ ಪಾರ್ಕ್, ಹಾರ್ಟ್ಲಿ ಪಾರ್ಕ್‌ನಲ್ಲಿ ಸ್ಕೀ ದಾರಿಗಳಿವೆ, 16 ತುಂಬಿದವರಿಗೆ ರಾಜ್ಯದ ಸ್ಕೀ ಪಾಸ್ ಬೇಕು. ಹಡಗುಗಳು ಜನವರಿ ನಡುವಿನಿಂದ ಮಾರ್ಚ್ ಕೊನೆಯವರೆಗೆ ಬರುವುದಿಲ್ಲ, ಸರೋವರದ ಇನ್ನೊಂದು ತುದಿಯಲ್ಲಿ ಹಡಗುಗಳನ್ನು ಏರಿಸಿ ಇಳಿಸುವ ಸೂ ಲಾಕ್ಸ್ ಮುಚ್ಚಿರುತ್ತದೆ.

ಸರೋವರದ ಮಂಜುಗಡ್ಡೆಯ ಮೇಲೆ ಕಾಲಿಡಬೇಡಿ, ಬೇರೆಯವರು ನಡೆಯುತ್ತಿದ್ದರೂ ಬೇಡ. ಚಿಕ್ಕ ಕೆರೆಯ ಮಂಜು ದಡಕ್ಕೆ ಅಂಟಿಕೊಂಡಿರುತ್ತದೆ. ಇದು ಹಾಗಲ್ಲ, ಗಾಳಿ ತಿರುಗಿ ನೆಲದ ಕಡೆಯಿಂದ ಬೀಸಿದರೆ ಬಿರುಕು ಬಿಟ್ಟು, ಮೇಲೆ ನಿಂತವರ ಸಮೇತ ಒಳಗೆ ತೇಲಿಹೋಗುತ್ತದೆ.

ದಡದಲ್ಲೇ ನಿಲ್ಲಿ. ಪೂರ್ವದ ಗಾಳಿ ಬೀಸಿದ ಮರುದಿನ ಬೆಳಿಗ್ಗೆ ಬ್ರೈಟನ್ ಬೀಚ್‌ಗೆ ಹೋದರೆ, ಕಿಟಕಿ ಗಾಜಿನಷ್ಟು ತೆಳ್ಳಗಿನ ಮಂಜಿನ ಹಾಳೆಗಳು ಒಂದರ ಮೇಲೊಂದು ಏರಿ ರಾಶಿ ಬಿದ್ದಿರುತ್ತವೆ, ಅಂಚಿನಲ್ಲಿ ನೀಲಿ ಬಣ್ಣ. ಕೆಳಗಿನಿಂದ ಅಲೆ ಇನ್ನೂ ಉಸಿರಾಡುತ್ತಿರುತ್ತದೆ. ಟೋಪಿಯನ್ನು ಒಂದೇ ನಿಮಿಷ ಕಿವಿಯಿಂದ ಮೇಲೆ ಸರಿಸಿ. ಮದುವೆ ಮನೆಯ ಹಿತ್ತಲಲ್ಲಿ ಯಾರೋ ನೂರಾರು ಗಾಜಿನ ಲೋಟ ತೊಳೆದು ಜೋಡಿಸುತ್ತಿದ್ದಾರೆ ಅನ್ನುವ ಹಾಗೆ ಸದ್ದು ಕೇಳುತ್ತದೆ.