ಅಡವಿ ಉಳ್ಳಾಗಡ್ಡಿಯನ್ನು ಕುಂಡದಲ್ಲಿ ಬೆಳೆಸಿದ ನನ್ನ ಅನುಭವ

ಗದಗ ಸೀಮೆಯ ಗರಸು (ಸಣ್ಣ ಕಲ್ಲು ಬೆರೆತ) ನೆಲದಲ್ಲಿ ತಾನಾಗಿ ಹುಟ್ಟಿ ಬೆಳೆಯುವ ಅಡವಿ ಉಳ್ಳಾಗಡ್ಡಿಯನ್ನು ನಾನು ಕೆಲವು ವರ್ಷಗಳಿಂದ ಧಾರವಾಡದ ನಮ್ಮ ಮನೆಯ ಅಂಗಳದಲ್ಲಿ ಬೆಳೆಸುತ್ತಿದ್ದೇನೆ. ಆ ಸೀಮೆಯ ಕಪ್ಪತಗುಡ್ಡವು 2019ರಲ್ಲಿ ವನ್ಯಜೀವಿಧಾಮವೆಂದು ಘೋಷಣೆಯಾಗಿರುವುದರಿಂದ ಅಲ್ಲಿಂದ ಯಾವ ಗಿಡವನ್ನೂ ಕಿತ್ತು ತರುವಂತಿಲ್ಲ, ತರಲೂಬಾರದು. ನನಗೆ ಗಡ್ಡೆಗಳು ದೊರೆತದ್ದು ಮುಂಡರಗಿ ಕಡೆಯ ಬೀಗರ ಹೊಲದಲ್ಲಿ, ಹಳೆಯ ಬದು ಒಡೆದು ನೆಲ ಸಮ ಮಾಡುವಾಗ ಮಣ್ಣಿನೊಂದಿಗೆ ಮೇಲೆದ್ದು ಬಿಸಿಲಿಗೆ ಬಿದ್ದಿದ್ದವುಗಳಿಂದ.

ಬೆಳೆಸುವ ಮಾತಿಗೆ ಮುನ್ನ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಹೆಸರಿನಲ್ಲಿ ಉಳ್ಳಾಗಡ್ಡಿ ಇದ್ದರೂ ಇದು ತಿನ್ನುವ ಗಡ್ಡೆಯಲ್ಲ. ಡ್ರಿಮಿಯಾ ಇಂಡಿಕಾ ಎಂದು ಸಸ್ಯಶಾಸ್ತ್ರಜ್ಞರು ಕರೆಯುವ, ಹಳೆಯ ಗ್ರಂಥಗಳಲ್ಲಿ ಅರ್ಜಿನಿಯಾ ಇಂಡಿಕಾ ಎಂದಿರುವ ಈ ಸಸ್ಯವು ಶತಾವರಿಯ ಕುಟುಂಬಕ್ಕೆ ಸೇರಿದೆ. ಗಡ್ಡೆಯಲ್ಲಿ ಹೃದಯದ ಬಡಿತವನ್ನೇ ಏರುಪೇರು ಮಾಡಬಲ್ಲ ವಿಷಾಂಶಗಳಿವೆ. ಆಯುರ್ವೇದದಲ್ಲಿ ವನಪಲಾಂಡು ಎಂಬ ಹೆಸರಿನಿಂದ ಕಫ, ಕೆಮ್ಮುಗಳಿಗೆ ಇದರ ಬಳಕೆಯಿದ್ದರೂ ಅದು ಬಲ್ಲ ವೈದ್ಯರ ಕೈಯಲ್ಲಿರಬೇಕಾದ ಔಷಧವೇ ಹೊರತು ಮನೆಮದ್ದಲ್ಲ. ಬಿಳಿಯ ಗಡ್ಡೆಯನ್ನು ಕೊಯ್ದರೆ ಪದರಗಳು ಥೇಟ್ ಉಳ್ಳಾಗಡ್ಡಿಯಂತೆಯೇ ಕಾಣುತ್ತವೆ, ಆದರೆ ಆ ಘಾಟು ವಾಸನೆ ಎಳ್ಳಷ್ಟೂ ಇರುವುದಿಲ್ಲ. ಗುರುತಿಗೆ ಇದೇ ಒಳ್ಳೆಯ ಆಧಾರ. ಲೋಳೆಯಂಥ ರಸ ತಾಗಿದಲ್ಲಿ ಚರ್ಮ ತುರಿಸುತ್ತದೆ, ಏಕೆಂದರೆ ಅದರಲ್ಲಿ ಸೂಜಿಯಾಕಾರದ ಅತಿಸೂಕ್ಷ್ಮ ಹರಳುಗಳಿರುತ್ತವೆ. ಆದ್ದರಿಂದ ಕೈಗವಸು ಹಾಕಿಕೊಂಡೇ ಗಡ್ಡೆಯನ್ನು ಮುಟ್ಟುತ್ತೇನೆ, ಕುಂಡಗಳನ್ನು ಮಕ್ಕಳ ಕೈಗೆಟುಕದಂತೆ, ಅಡುಗೆಯ ಸೊಪ್ಪಿನ ಮಡಿಗಳಿಂದ ದೂರ ಇಟ್ಟಿದ್ದೇನೆ.

ಗದಗಕ್ಕಿಂತ ಧಾರವಾಡದಲ್ಲಿ ಮಳೆ ಹೆಚ್ಚು, ಜಿಟಿಜಿಟಿ ದಿನಗಳೂ ಹೆಚ್ಚು. ಒಣ ಗುಡ್ಡದ ಗಡ್ಡೆಗೆ ಇಲ್ಲಿ ಎದುರಾಗುವ ಅಪಾಯ ಇದೊಂದೇ: ಬುಡದಲ್ಲಿ ನೀರು ನಿಂತರೆ ಅದು ಕೊಳೆಯುತ್ತದೆ. ಎರಿ ಮಣ್ಣು, ಅಂದರೆ ಕಪ್ಪು ಮಣ್ಣು, ಹಸಿಯಾದಾಗ ಅಂಟಾಗಿ ನೀರು ಹಿಡಿದಿಡುವುದರಿಂದ ಅದನ್ನು ಪೂರ್ತಿ ಕೈಬಿಟ್ಟು, ಮಸಾರಿ (ಕೆಂಪು) ಮಣ್ಣು, ದಪ್ಪ ಉಸುಕು ಮತ್ತು ಸಣ್ಣ ಗರಸನ್ನು ಸಮಪ್ರಮಾಣದಲ್ಲಿ ಬೆರೆಸಿದ್ದೇನೆ. ಗೊಬ್ಬರ ಒಂದು ಹಿಡಿ ಸಾಕು. ಗಡ್ಡೆಯ ಕುತ್ತಿಗೆ ಮಣ್ಣಿನ ಮೇಲೆ ಕಾಣುವಂತೆ ನೆಟ್ಟು, ಕುಂಡವನ್ನು ಇಡೀ ದಿನ ಬಿಸಿಲು ಬೀಳುವ ಕಡೆ ಇಟ್ಟಿಗೆಗಳ ಮೇಲೆ ಏರಿಸಿ ಇಟ್ಟರೆ ನೀರು ಸಲೀಸಾಗಿ ಬಸಿದು ಹೋಗುತ್ತದೆ.

ಇನ್ನು ನೀರಿನ ವಿಚಾರ. ಈ ಗಡ್ಡೆಯನ್ನು ಬೆಳೆಸುವುದೆಂದರೆ ಬಹುಮಟ್ಟಿಗೆ ಅದರ ವಿಶ್ರಾಂತಿಯನ್ನು ಕಾಯುವುದೇ ಆಗಿದೆ. ಮುಂಗಾರಿನೊಂದಿಗೆ ಪಟ್ಟಿಯಂಥ ಚಪ್ಪಟೆ ಎಲೆಗಳು ಎದ್ದು ಮಳೆಗಾಲವೆಲ್ಲ ಹಸಿರಾಗಿರುತ್ತವೆ. ಆಗ ಮಳೆ ಬಿಡುವು ಕೊಟ್ಟಾಗ ಮಾತ್ರ ಅಷ್ಟಿಷ್ಟು ನೀರು ಕೊಡುತ್ತೇನೆ. ಹಿಂಗಾರು ಮುಗಿದು ಎಲೆ ಹಳದಿಯಾಗತೊಡಗಿದ ಕೂಡಲೇ ನೀರನ್ನು ಪೂರ್ತಿ ನಿಲ್ಲಿಸುತ್ತೇನೆ. ಗಿಡ ಸತ್ತಿತೆಂದು ನೋಡಿದವರಿಗೆ ಅನ್ನಿಸುತ್ತದೆ, ಕನಿಕರದಿಂದ ಒಂದು ತಂಬಿಗೆ ನೀರು ಹಾಕಲು ಬರುತ್ತಾರೆ. ಅದನ್ನು ತಡೆಯುವುದೇ ನನ್ನ ಬೇಸಿಗೆಯ ಕೆಲಸ. ಎಲೆ ಒಣಗುವಾಗ ತನ್ನಲ್ಲಿದ್ದ ಸತ್ತ್ವವನ್ನೆಲ್ಲ ಗಡ್ಡೆಗೆ ಇಳಿಸಿರುತ್ತದೆ, ಹೂವಿನ ದಂಟು ಏಳುವುದು ಆ ಸಂಗ್ರಹದ ಬಲದಿಂದಲೇ.

ಹೂವು ಎಲೆಗಿಂತ ಮೊದಲು ಬರುತ್ತದೆ. ಬಿಸಿಲು ಏರಿದ ಮೇಲೆ, ಮುಂಗಾರಿಗೆ ಮುಂಚಿನ ಅಡ್ಡಮಳೆಯ ದಿನಗಳ ಆಸುಪಾಸಿನಲ್ಲಿ, ಬರಿದಾದ ಕುಂಡದ ನಡುವಿನಿಂದ ಎಲೆಯೇ ಇಲ್ಲದ ನೀಳ ದಂಟೊಂದು ಮೇಲೇಳುತ್ತದೆ. ಅದರ ಉದ್ದಕ್ಕೂ ತೆಳುವಾದ ತೊಟ್ಟುಗಳಿಗೆ ಮಾಸಲು ಹಸಿರು, ಕಂದು ಬಣ್ಣಗಳು ಬೆರೆತ ಗಂಟೆಯಾಕಾರದ ಸಣ್ಣ ಹೂಗಳು ಜೋತುಬಿದ್ದಿರುತ್ತವೆ. ಕೆಳಗಿನ ಮೊಗ್ಗುಗಳು ಮೊದಲು, ಮೇಲಿನವು ಅನಂತರ ಅರಳುತ್ತವೆ. ಇಳಿಹೊತ್ತಿನ ಮೇಲೆ ಅರಳಿದ ಹೂವು ಬೆಳಗಾಗುವಷ್ಟರಲ್ಲಿ ಮುದುಡಿರುವುದರಿಂದ, ಇದನ್ನು ನೋಡಬೇಕೆನ್ನುವವರು ದೀಪ ಹಚ್ಚುವ ಹೊತ್ತಿಗೆ ಬರಬೇಕು.

ಸಸಿ ಹೆಚ್ಚಿಸಲು ಎರಡು ದಾರಿಗಳಿವೆ. ಬಲಿತ ಗಡ್ಡೆಯನ್ನು ಪ್ರತಿ ಹೋಳಿಗೂ ತಳದ ಗಟ್ಟಿ ಭಾಗ ಉಳಿಯುವಂತೆ ಉದ್ದುದ್ದ ಸೀಳಿ, ಗಾಯ ಒಣಗುವ ತನಕ ನೆರಳಿನಲ್ಲಿಟ್ಟು, ತುಸು ತೇವದ ಉಸುಕಿನಲ್ಲಿ ಹುಗಿದರೆ ಪದರಗಳ ಬುಡದಲ್ಲಿ ಮರಿಗಡ್ಡೆಗಳು ಮೂಡುತ್ತವೆ. ಆದರೂ ನನಗೆ ಬೀಜದ ದಾರಿಯೇ ಮೆಚ್ಚು, ಇದ್ದ ಗಡ್ಡೆಯನ್ನು ಕೊಯ್ಯಬೇಕಾಗುವುದಿಲ್ಲ. ಮೂರು ಕೋಣೆಗಳ ಕಾಯಿ ಒಣಗಿ ಬಿರಿಯುವ ಮೊದಲೇ ದಂಟಿಗೆ ತೆಳು ಬಟ್ಟೆ ಕಟ್ಟದಿದ್ದರೆ ಕಪ್ಪನೆಯ ಚಪ್ಪಟೆ ಬೀಜಗಳು ಗಾಳಿಗೆ ಹಾರಿಹೋಗುತ್ತವೆ. ಅವನ್ನು ಹೆಚ್ಚು ದಿನ ಇಡದೆ, ಮಿರಗದ (ಮೃಗಶಿರಾ) ಮಳೆ ಹಿಡಿಯುವ ಹೊತ್ತಿಗೆ ಅಗಲವಾದ ಕುಂಡದಲ್ಲಿ ಚೆಲ್ಲಿ, ಮೇಲೆ ತೆಳ್ಳಗೆ ಉಸುಕು ಉದುರಿಸುತ್ತೇನೆ. ಹುಲ್ಲಿನ ಎಸಳಿನಂತೆ ಮೇಲೇಳುವ ಸಸಿಗಳನ್ನು ಕಳೆಯೆಂದು ಕಿತ್ತುಬಿಡುವ ಸಂಭವ ಹೆಚ್ಚು, ಹಾಗಾಗಿ ಕುಂಡಕ್ಕೆ ಒಂದು ಗುರುತು ಹಾಕಿಡಬೇಕು. ಬೀಜದಿಂದ ಬಂದವು ಹೂಬಿಡುವಷ್ಟು ಬಲಿಯಲು ಹಲವು ವರ್ಷ ಬೇಕು. ಅಲ್ಲಿಯತನಕ ಅವನ್ನು ಪದೇಪದೇ ಕಿತ್ತು ನೆಡದೆ ಒಂದೇ ಕುಂಡದಲ್ಲಿ ಬಿಡುವುದು ಲೇಸು.