ಬಿಸಿನೀರು ಎಷ್ಟೊತ್ತಿಗೆ ಬರುತ್ತೆ ಸಾರ್?

ನಮ್ಮ ಕಡೆ ಹೋಟೆಲ್ ಅಂದರೆ ಇಡ್ಲಿ-ವಡೆ ಸಿಗುವ ಜಾಗ. ರಾತ್ರಿ ತಂಗಲು ಲಾಡ್ಜ್, ಕೈಯಲ್ಲಿ ದುಡ್ಡಿದ್ದರೆ ರೆಸಾರ್ಟ್, ಮನೆಯವರ ಜೊತೆ ಇರುವುದಾದರೆ ಹೋಂಸ್ಟೇ. ಮೂರು ಕಡೆಯೂ ದುಡಿದಿದ್ದೇನೆ. ಮಡಿಕೇರಿ ಬಸ್ ಸ್ಟ್ಯಾಂಡ್ ಹತ್ತಿರದ ಲಾಡ್ಜ್ ಕೌಂಟರಿನಲ್ಲಿ ಆರು ವರ್ಷ, ಒಂದು ರೆಸಾರ್ಟಿನ ಫ್ರಂಟ್ ಆಫೀಸಿನಲ್ಲಿ ನಾಲ್ಕು ವರ್ಷ. ಈಗ ನಾಪೋಕ್ಲು ಕಡೆ ನಮ್ಮದೇ ತೋಟದ ಮನೆಯಲ್ಲಿ ಮೂರು ಕೋಣೆ. ಫೋನ್ ಮಾಡಿದವರು ಕೇಳುವ ಮೊದಲ ಪ್ರಶ್ನೆಯಲ್ಲೇ ಅವರು ಎಲ್ಲಿ ಉಳಿಯಬೇಕು ಅನ್ನುವುದು ಇರುತ್ತದೆ. ಇದು ತಲೆಗೆ ಹೋಗಲು ನನಗೆ ಒಂದು ಮಳೆಗಾಲ ಬೇಕಾಯಿತು.

ಲಾಡ್ಜಿಗೆ ಬರುವವರ ಪ್ರಶ್ನೆ ಒಂದೇ, ಬಿಸಿನೀರು ಎಷ್ಟೊತ್ತಿಗೆ? ಮೆಡಿಕಲ್ ರೆಪ್‌ಗಳು, ಕೋರ್ಟ್ ಕೆಲಸಕ್ಕೆ ಬಂದವರು, ಮದುವೆಗೆ ಬಂದು ಬಸ್ ತಪ್ಪಿಸಿಕೊಂಡವರು. ತಿಂಗಳಿಗೊಮ್ಮೆ ಬರುತ್ತಿದ್ದ ಒಬ್ಬ ರೆಪ್ ದಾರ ಕಟ್ಟಿದ ಪೆನ್ನಿನಲ್ಲಿ ರಿಜಿಸ್ಟರ್ ತುಂಬುತ್ತಾ, ತಲೆ ಎತ್ತದೆ "ಮಾಮೂಲಿ ರೂಮ್ ಕೊಡಿ ಅಣ್ಣ" ಅನ್ನುತ್ತಿದ್ದರು. ಆ ರೂಮಿನ ಕಿಟಕಿ ತೆರೆದರೆ ಕಾಣುತ್ತಿದ್ದದ್ದು ಪಕ್ಕದ ಕಟ್ಟಡದ ಗೋಡೆ. ಅವರಿಗೆ ಬೇಕಿದ್ದದ್ದು ಮಂಚದ ಪಕ್ಕದಲ್ಲೊಂದು ಪ್ಲಗ್ ಪಾಯಿಂಟ್, ಕಂಪನಿಗೆ ಕೊಡಲು ಸರಿಯಾದ ಬಿಲ್, ಅಷ್ಟೇ.

ಅಕ್ಟೋಬರ್‌ನ ತುಲಾ ಸಂಕ್ರಮಣಕ್ಕೆ ಮಾತ್ರ ಲಾಡ್ಜಿನ ಲೆಕ್ಕವೆಲ್ಲ ತಲೆಕೆಳಗು. ತಲಕಾವೇರಿಯ ತೀರ್ಥೋದ್ಭವದ ಮುಹೂರ್ತ ವರ್ಷ ವರ್ಷಕ್ಕೂ ಬೇರೆ. ಒಂದು ಸಲ ಮಧ್ಯಾಹ್ನ, ಇನ್ನೊಂದು ಸಲ ನಡುರಾತ್ರಿ. ಅದನ್ನು ನೋಡಿಕೊಂಡು ಬಾಯ್ಲರ್ ಹಚ್ಚಬೇಕು. ಮೊದಲ ವರ್ಷ ನಾನು ಎಂದಿನಂತೆ ಬೆಳಗ್ಗೆ ಆರಕ್ಕೆ ಅಂದುಬಿಟ್ಟೆ. ಎರಡು ಗಂಟೆ ರಾತ್ರಿಗೆ ಮೆಟ್ಟಿಲ ಮೇಲೆ ಬಕೆಟ್ ಹಿಡಿದವರ ಸಾಲು.

ರೆಸಾರ್ಟಿನಲ್ಲಿ ಕೇಳುವುದು ವ್ಯೂ ಇದೆಯಾ, ಪೂಲ್ ಇದೆಯಾ, ಎಷ್ಟು ಸ್ಟಾರ್? ಸ್ಟಾರ್ ಕೊಡುವುದು ಕೇಂದ್ರದ ಪ್ರವಾಸೋದ್ಯಮ ಸಚಿವಾಲಯ, ಅದಕ್ಕೆ ಅರ್ಜಿ ಹಾಕುವುದು ಬಿಡುವುದು ಮಾಲೀಕರ ಇಷ್ಟ. ಹಾಗಾಗಿ ಸ್ಟಾರ್ ಇಲ್ಲದ ಒಳ್ಳೆಯ ಜಾಗಗಳೂ ಇವೆ. ಹೊಸ ಜೋಡಿಗಳಿಗೆ ಬೇಕಾದದ್ದು ಯಾರೂ ಬಾಗಿಲು ಬಡಿಯದಿರುವುದು. ಬೆಂಗಳೂರಿನ ಕಂಪನಿ ಗುಂಪಿಗೆ ಪ್ರೊಜೆಕ್ಟರ್, ಸಂಜೆಗೆ ಬೆಂಕಿ, ಮಧ್ಯರಾತ್ರಿವರೆಗೆ ಹಾಡು. ಈ ಇಬ್ಬರನ್ನು ಅಕ್ಕಪಕ್ಕದ ಕಾಟೇಜಿಗೆ ಹಾಕಿದರೆ ಬೆಳಗ್ಗೆ ಬೈಸಿಕೊಳ್ಳುವುದು ಕೌಂಟರಿನಲ್ಲಿ ನಿಂತವನು.

ಡ್ರೈವರ್‌ಗಳ ವಿಚಾರ ಯಾರೂ ಬರೆಯುವುದಿಲ್ಲ. ಡಿಸೆಂಬರ್ ಚಳಿಯಲ್ಲಿ ಸೀಟು ಮಲಗಿಸಿ, ಗಾಜು ಒಂದು ಬೆರಳು ಇಳಿಸಿ, ತಲೆವರೆಗೂ ಶಾಲು ಹೊದ್ದು ಕಾರಿನಲ್ಲೇ ಮಲಗುತ್ತಿದ್ದರು. ಬೆಳಗ್ಗೆ ಅವರೇ ತಿರುವಿನ ರಸ್ತೆಯಲ್ಲಿ ಇಡೀ ಸಂಸಾರವನ್ನು ಕರೆದುಕೊಂಡು ಹೋಗಬೇಕು. ದೊಡ್ಡ ಜಾಗವನ್ನು ಅಳೆಯಲು ನಾನು ಲಾಬಿ ನೋಡುವುದಿಲ್ಲ, ಡ್ರೈವರ್ ರೂಮ್ ಎಲ್ಲಿ ಅಂತ ಕೇಳುತ್ತೇನೆ.

ಹೋಂಸ್ಟೇ ಶುರುಮಾಡಿದಾಗ ರೆಸಾರ್ಟಿನ ಬಾಯಿ ಇನ್ನೂ ಹೋಗಿರಲಿಲ್ಲ. ಜುಲೈನಲ್ಲಿ ಒಬ್ಬರು ಫೋನ್ ಮಾಡಿ ಪೂಲ್ ಇದೆಯಾ ಅಂದರು. "ಪೂಲ್ ಯಾಕೆ ಸಾರ್, ತೋಟದಲ್ಲೇ ತೋಡು ಹರಿಯುತ್ತೆ" ಅಂದೆ. ಗಂಡ, ಹೆಂಡತಿ, ಏಳು ವರ್ಷದ ಮಗಳು ಬಂದರು. ಬಂದ ದಿನವೇ ಮರ ಬಿದ್ದು ಕರೆಂಟ್ ಹೋಯಿತು. ತೋಡು ಕೆಂಪಗೆ ಉಕ್ಕಿ ಹರಿಯುತ್ತಿತ್ತು, ಹತ್ತಿರ ಹೋಗುವಂತಿರಲಿಲ್ಲ. ಸಂಜೆ ಮಗುವಿನ ಬಿಳಿ ಸಾಕ್ಸ್ ಬಿಚ್ಚಿದರೆ ಹಿಮ್ಮಡಿಯ ಹತ್ತಿರ ರಕ್ತ ಕುಡಿದು ದ್ರಾಕ್ಷಿಯಷ್ಟಾದ ಜಿಗಣೆ. ಉಪ್ಪು ಹಾಕಿದೆ, ಬಿತ್ತು. ಮಗು ಅಷ್ಟೇನೂ ಹೆದರಲಿಲ್ಲ, ಅಮ್ಮ ಮಾತ್ರ ರಾತ್ರಿಯಿಡೀ ಟಾರ್ಚ್ ಹಾಕಿ ಹಾಸಿಗೆ ಹುಡುಕಿದರು. ಬೆಳಗ್ಗೆ ಹೊರಟು ನಿಂತವರಿಗೆ ಪೂರ್ತಿ ದುಡ್ಡು ವಾಪಸ್ ಕೊಟ್ಟೆ. ಅವರದೇನೂ ತಪ್ಪಿಲ್ಲ. ರೆಸಾರ್ಟಿಗೆ ಹೋಗಬೇಕಿದ್ದವರನ್ನು ಮಾತಿನ ಚಪಲಕ್ಕೆ ನಮ್ಮ ಮನೆಗೆ ಎಳೆದವನು ನಾನು.

ಈಗ ಪೂಲ್ ಕೇಳಿದರೆ "ಇಲ್ಲ" ಅನ್ನುತ್ತೇನೆ, ಬೇಕಾದರೆ ರೆಸಾರ್ಟ್ ನಂಬರ್ ಕೊಡುತ್ತೇನೆ. ನೆಟ್‌ವರ್ಕ್ ಹೇಗಿದೆ, ಮೀಟಿಂಗ್ ಇದೆ ಅಂದವರಿಗೆ ಕುಶಾಲನಗರ ಅಥವಾ ಮಡಿಕೇರಿ ಪೇಟೆಯೇ ವಾಸಿ ಅನ್ನುತ್ತೇನೆ. ಮಳೆಗಾಲದಲ್ಲಿ ಜಿಗಣೆ, ಕರೆಂಟು, ಕೊನೆಯ ಒಂದು ಕಿಲೋಮೀಟರ್ ಮಣ್ಣು ರಸ್ತೆ, ಮೂರನ್ನೂ ಮೊದಲೇ ಹೇಳುತ್ತೇನೆ. ಅರ್ಧ ಜನ ಅಲ್ಲೇ ಫೋನ್ ಇಡುತ್ತಾರೆ. ಇಡಲಿ.

ನಮ್ಮ ಗಿರಾಕಿಯ ಮೊದಲ ಪ್ರಶ್ನೆ ಬೇರೆ. ಮೊನ್ನೆ ಹಾಸನದಿಂದ ಒಬ್ಬರು ಮೇಡಂ ರೇಟು ಕೂಡ ಕೇಳದೆ "ರಾತ್ರಿ ಊಟಕ್ಕೆ ಏನು ಮಾಡ್ತೀರಿ?" ಅಂದರು. ಕಡಂಬುಟ್ಟು ಅಂದರೆ ಅಕ್ಕಿ ತರಿಯ ಉಂಡೆ, ಜೊತೆಗೆ ಪಂದಿ ಕರಿ, ಹಂದಿ ಮಾಂಸ ತಿನ್ನದವರಿಗೆ ಕಣಿಲೆ, ಅಂದರೆ ಎಳೆ ಬಿದಿರಿನ ಪಲ್ಯ ಅಂದೆ. ನಾನಿನ್ನೂ ತಾರೀಕು ಬರೆದುಕೊಂಡಿರಲಿಲ್ಲ, ಅಡುಗೆಮನೆಯಿಂದ ನನ್ನ ಹೆಂಡತಿಯ ದನಿ ಬಂತು: "ಎಷ್ಟು ಜನ ಅಂತ ಕೇಳಿ, ತರಿ ಅಳೀಬೇಕು."